ಸಂಬಳ ಪಡೆದ ಗೋಲ್‌ಕೀಪರ್

ನೆದರ್ಲೆಂಡ್ಸಿನ ಗೋಲ್‌ಕೀಪರ್ ಫ್ರಾನ್ಸ್ ದ ಮುಂಕ್ ದೇಶಕ್ಕಾಗಿ ಆಡಿದ ಪಂದ್ಯಗಳು 31. 1949ರಲ್ಲಿ ಶುರುವಾಗಿ 1960ರಲ್ಲಿ ಮುಗಿದ ಈ ಲೆಕ್ಕದ ನಡುವೆ ಕೆಲವು ವರ್ಷಗಳು ಖಾಲಿ. ಗಾಯವಾಗಿರಲಿಲ್ಲ, ಆಟ ಕೆಟ್ಟಿರಲಿಲ್ಲ. ಆಡಿದ್ದಕ್ಕೆ ಸಂಬಳ ಪಡೆದದ್ದೇ ಕಾರಣ.

ಆಗಿನ ಡಚ್ ಫುಟ್‌ಬಾಲ್ ಸಂಸ್ಥೆಗೆ ಆಟವೆಂದರೆ ಹವ್ಯಾಸ. ದುಡ್ಡು ಮುಟ್ಟಿದವರಿಗೆ ದೇಶದ ಜೆರ್ಸಿ ಇಲ್ಲ. ‘ಕಪ್ಪು ಚಿರತೆ’ ಎಂದೇ ಹೆಸರಾದ ದ ಮುಂಕ್ 1950ರಲ್ಲಿ ಗಡಿ ದಾಟಿ ಜರ್ಮನಿಯ ಕಲೋನ್ ಕ್ಲಬ್ ಸೇರಿದರು. ಯುದ್ಧ ಮುಗಿದು ಐದೇ ವರ್ಷವಾಗಿತ್ತು. ಆದರೂ ಜರ್ಮನ್ನರಿಗೆ ಅವರು ಎಷ್ಟು ಹಿಡಿಸಿದರೆಂದರೆ, 1954ರ ಒಂದು ಸಿನಿಮಾದಲ್ಲೂ ಕಾಣಿಸಿಕೊಂಡರು.

1953ರ ಫೆಬ್ರುವರಿ 1ರಂದು ಸಮುದ್ರ ಉಕ್ಕಿ, ಅವರು ಹುಟ್ಟಿದ ಝೀಲಂಡ್ ಪ್ರಾಂತ್ಯದ ಊರೂರೇ ಮುಳುಗಿದವು. ದೇಶದಲ್ಲಿ 1,800ಕ್ಕೂ ಹೆಚ್ಚು ಜನ ಸತ್ತರು. ಮಾರ್ಚ್ 12ರಂದು ಪ್ಯಾರಿಸ್‌ನಲ್ಲಿ ಸಂತ್ರಸ್ತರಿಗಾಗಿ ಒಂದು ಪಂದ್ಯ ನಡೆಯಿತು. ಪರದೇಶಗಳಲ್ಲಿ ಸಂಬಳಕ್ಕೆ ಆಡುತ್ತಿದ್ದ ಡಚ್ಚರು ಒಂದಾಗಿ ಫ್ರೆಂಚ್ ತಂಡವನ್ನು 2-1ರಿಂದ ಸೋಲಿಸಿದರು. ದುಡ್ಡಿಗೆ ಆಡುವವರಿಗೆ ದೇಶದ ಮೇಲೆ ಪ್ರೀತಿಯಿಲ್ಲ ಎಂದು ಇನ್ನು ಹೇಳುವುದು ಕಷ್ಟವಾಯಿತು.

1954ರಲ್ಲಿ ಸಂಸ್ಥೆ ವೃತ್ತಿಪರ ಆಟವನ್ನು ಒಪ್ಪಿಕೊಂಡಿತು. ದ ಮುಂಕ್ ಮರಳಿ ಬಂದು ರಾಷ್ಟ್ರತಂಡದ ಗೋಲು ಕಾದರು. 1958ರಲ್ಲಿ ಉಟ್ರೆಕ್ಟ್‌ನ ಡಿಒಎಸ್ ತಂಡದೊಂದಿಗೆ ದೇಶದ ಚಾಂಪಿಯನ್ ಆದರು. 2010ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ನಿಯಮವೇನೋ ಬದಲಾಯಿತು. ಆದರೆ 27ರಿಂದ 31ರವರೆಗಿನ ವಯಸ್ಸನ್ನು ಯಾವ ಸಂಸ್ಥೆಯೂ ಹಿಂದಿರುಗಿಸಲಾರದು. ಆ 31 ಪಂದ್ಯಗಳನ್ನು ಎಣಿಸುವಾಗ, ಆಡಲು ಬಿಡದ ಪಂದ್ಯಗಳೂ ನೆನಪಿರಬೇಕು.