ಹೊಂಡಕ್ಕೆ ಕಾಡಾಗುವ ಆಸೆ

ಆಡೂರಿನ ನಮ್ಮ ಹೊಲದ ತಗ್ಗಿಗೆ ಒಂದು ಹೊಂಡವಿದೆ. ಅದನ್ನು ಇನ್ನೂ ಹೊಂಡ ಅನ್ನಬಹುದೇ ಎನ್ನುವುದೇ ಈಗ ನಮ್ಮ ಮನೆಯ ತಕರಾರು. ನಡುವೆ ಒಂದಿಷ್ಟು ನೀರು, ಮೇಲೆ ತಾವರೆ ಎಲೆ. ಸುತ್ತ ಆಳೆತ್ತರದ ಆಪು, ಅದರ ಹಿಂದೆ ಜೇಕು, ಆಮೇಲೆ ಕರಿಕೆ, ಕಡೆಗೆ ದಂಡೆಯ ಜಾಲಿ.

ಒಂದು ಗಿಡದ ಜಾಗಕ್ಕೆ ಇನ್ನೊಂದು ಬರುವ ಇದನ್ನೇ ಕಾಲೇಜಿನಲ್ಲಿ ಸಸ್ಯ ಅನುಕ್ರಮಣ ಎಂದು ಕಲಿಸಿದರು. ಅಮೆರಿಕದ ಹೆನ್ರಿ ಕೌಲ್ಸ್ 1899ರಲ್ಲಿ ಮಿಶಿಗನ್ ಸರೋವರದ ಮರಳುದಿಬ್ಬಗಳ ಬಗ್ಗೆ ಬರೆದ. ನೀರಂಚಿನಿಂದ ಒಳಗೆ ನಡೆದರೆ ಬರಿ ಮರಳು, ಹುಲ್ಲು, ಪೊದೆ, ಕಾಡು. ದೂರವನ್ನೇ ಅವನು ಕಾಲವೆಂದು ಓದಿದ. ನಮ್ಮ ಹೊಂಡದಲ್ಲೂ ಆ ನಡಿಗೆ ಸಾಧ್ಯ. ಚಪ್ಪಲಿ ಮಾತ್ರ ಕೆಸರಿನಲ್ಲೇ ಉಳಿಯುತ್ತದೆ.

ಮಳೆಗೆ ಹೊಲದ ಮಣ್ಣು ಹರಿದು ಬಂದಾಗ ಆಪು ಅದನ್ನು ತಡೆಯುತ್ತದೆ, ತಾನೂ ಒಣಗಿ ಬಿದ್ದು ಕೊಳೆಯುತ್ತದೆ. ತಳ ಏರುತ್ತದೆ, ಆಪಿಗೆ ಬೇಕಾದ ನಿಂತ ನೀರೇ ಇಲ್ಲದಾಗುತ್ತದೆ. ತನ್ನ ಜಾಗವನ್ನು ತಾನೇ ಕೆಡಿಸಿಕೊಂಡು ಜೇಕಿಗೆ ಬಿಟ್ಟುಕೊಡುವ ಗಿಡ!

ಹಾಗಾದರೆ ಅಜ್ಜನ ಕಾಲದ ಹೊಂಡ ಎಂದೋ ಕಾಡಾಗಬೇಕಿತ್ತಲ್ಲ? ಆಗಗೊಡಲಿಲ್ಲ. ಬೇಸಿಗೆಗೆ ಅಜ್ಜ ಚಕ್ಕಡಿ ಹೂಡಿ, ಗೋಡು ಅಗೆದು ಭತ್ತದ ಗದ್ದೆಗೆ ಹೇರುತ್ತಿದ್ದ. ಚಾಪೆ ಹೆಣೆಯುವವರು ಆಪು ಕೊಯ್ದೊಯ್ಯುತ್ತಿದ್ದರು. ಉಳಿದದ್ದನ್ನು ಎಮ್ಮೆಗಳು ತುಳಿಯುತ್ತಿದ್ದವು. ನಾವು ‘ನಿಸರ್ಗ’ ಎಂದು ಫೋಟೋ ತೆಗೆಯುವ ಎಷ್ಟೋ ಕೆರೆಗಳು ಹೀಗೆ ಸಲಿಕೆಯಿಂದ, ಎಮ್ಮೆಯ ಗೊರಸಿನಿಂದ ನಿಂತವು. ಆಮೇಲೆ ಗೊಬ್ಬರದ ಚೀಲ ಬಂತು, ಗದ್ದೆಗೆ ಗೋವಿನಜೋಳ ಬಂತು, ಗೋಡು ಕೇಳುವವರಿಲ್ಲವಾದರು.

ಹೊಂಡಕ್ಕಷ್ಟೇ ಅಲ್ಲ, ಕೈಬಿಟ್ಟ ಹೊಲಕ್ಕೂ ಇದೇ ಗತಿ. ನಮ್ಮೂರಿನ ಹಳಗನ್ನಡ ಶಾಸನ ಬಾದಾಮಿಯ ಎರಡನೇ ಕೀರ್ತಿವರ್ಮನ ಕಾಲದ್ದು, ಎಂಟನೇ ಶತಮಾನದ್ದು. ಬಸದಿಗೆ ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಸೂರ್ಯಚಂದ್ರರಿರುವವರೆಗೆ ಎಂದು ಬರೆಸುವುದು ದಾನಶಾಸನಗಳ ವಾಡಿಕೆ. ಭೂಮಿಗೆ ಅಷ್ಟು ಪುರುಸೊತ್ತಿಲ್ಲ. ಉಳುಮೆ ತಪ್ಪಿದ ಹೊಲ ಮೊದಲ ಮಳೆಗೇ ಕಾಂಗ್ರೆಸ್ ಕಸಕ್ಕೆ, ಆಮೇಲೆ ಬಾರಿಕಂಟಿಗೆ ದಾನವಾಗಿಬಿಡುತ್ತದೆ. ಆ ಕಸವೋ ಕೀರ್ತಿವರ್ಮ ಕಂಡದ್ದಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಈ ಕಡೆಗೂ ಹಬ್ಬಿತು.

1916ರಲ್ಲಿ ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬಾತ, ಸಸ್ಯಸಮುದಾಯವೂ ಒಂದು ಜೀವಿಯಂತೆ ಹುಟ್ಟಿ ಬೆಳೆದು ಹವೆಗೆ ತಕ್ಕ ಕೊನೆಯ ಕಾಡನ್ನು ಮುಟ್ಟುತ್ತದೆ ಎಂದ. ಹತ್ತು ವರ್ಷಕ್ಕೆ ಹೆನ್ರಿ ಗ್ಲೀಸನ್ ತಕರಾರು ತೆಗೆದ: ಒಂದೊಂದು ಗಿಡ ತನ್ನ ಪಾಡಿಗೆ ಬರುತ್ತದೆ, ಬೀಜ ಯಾವುದು ಬಿತ್ತೋ ಅದು. ನನ್ನ ಓಟು ಗ್ಲೀಸನ್‌ಗೆ. ಕ್ಲೆಮೆಂಟ್ಸ್ ಲೆಕ್ಕದಲ್ಲಿ ಈ ಅರೆಮಲೆನಾಡಿನ ಹೊಂಡ ತೇಗ, ಮತ್ತಿಯ ಕಾಡಾಗಬೇಕು. ಆದರೆ ದಂಡೆಯಲ್ಲಿ ಆಡುಗಳು ಕಾಯಿ ತಿಂದು ಹಿಕ್ಕೆಯ ಜೊತೆ ಬಿತ್ತಿದ ಬಳ್ಳಾರಿ ಜಾಲಿ ಆಗಲೇ ಕೂತಿದೆ. ಅದಕ್ಕೆ ಯಾರ ಪುಸ್ತಕವೂ ಗೊತ್ತಿಲ್ಲ.

“ಜೆಸಿಬಿ ಹಚ್ಚಿ ಪೂರಾ ತಗಸೂಣು” ಅನ್ನುತ್ತಾರೆ ಕಾಕಾ.

“ಒಂದ್ ಮಗ್ಗಲಾ ಬಿಡೂಣು ಕಾಕಾ, ಆಪಿನ್ಯಾಗ ಜಂಬುಕೋಳಿ ಗೂಡ ಕಟ್ಯಾವು.”

“ಬಾಡಗಿ ಕೊಡ್ತಾವೇನ?”

ಆ ವ್ಯವಹಾರ ಬಗೆಹರಿಯುವ ಮೊದಲೇ ತಮ್ಮ ಟೇಪು ಹಿಡಿದು ಜೇಕಿನ ಜಾಗ ಅಳೆಯುತ್ತಿದ್ದಾನೆ, ಅಡಿಕೆ ಸಸಿ ಎಷ್ಟು ಹಿಡಿಯುತ್ತವೆ ಅಂತ.