ಹೊಳೆಗಿಳಿಯುವವರ ಪಾದರಕ್ಷೆ

ದೇವಸ್ಥಾನದ ಬಾಗಿಲಲ್ಲಿ ಬಿಡುವಂತೆ ಹೊಳೆಯ ದಡದಲ್ಲಿಯೂ ಪಾದರಕ್ಷೆಯನ್ನು ಬಿಟ್ಟು ಮುಂದೆ ಹೋಗುವುದು ಕನ್ನಡನಾಡಿನ ಪದ್ಧತಿ. ಕಾವೇರಿಯಲ್ಲಿ ಬಲೆ ಬೀಸುವ ಬೆಸ್ತನಾಗಲಿ, ಸೋಪಾನದ ಮೇಲೆ ನಿಂತು ಅರ್ಘ್ಯ ಬಿಡುವ ವೈದಿಕನಾಗಲಿ ಬರಿಗಾಲಲ್ಲಿಯೇ ನೀರಿಗಿಳಿಯುತ್ತಾನೆ. ಐದು ಬೆರಳುಗಳು ಕಲ್ಲನ್ನು ತಡವಿ ನೋಡಿ, ಅದು ಜಾರುವುದೋ ನಿಲ್ಲುವುದೋ ಎಂಬುದನ್ನು ತಾವೇ ತಿಳಿಸುತ್ತವೆ. ಬೂಟು ಹಾಕಿಕೊಂಡು ಹೊಳೆಗಿಳಿಯುವುದೆಂದರೆ ಇಂಥವರಿಗೆ ಕೊಡೆ ಹಿಡಿದುಕೊಂಡು ಸ್ನಾನ ಮಾಡಿದಷ್ಟೇ ವಿಚಿತ್ರವಾಗಿ ಕಂಡೀತು.

ಆದರೆ ಎಲ್ಲ ಹೊಳೆಗಳೂ ಕಾವೇರಿಯಲ್ಲ. ಸ್ಕಾಟ್ಲೆಂಡಿನ ಟೇ ನದಿಯನ್ನೇ ನೋಡಿ. ಬ್ರಿಟನ್ನಿನ ನದಿಗಳಲ್ಲೆಲ್ಲ ಅತ್ಯಂತ ಹೆಚ್ಚು ನೀರನ್ನು ಹೊತ್ತು ಸಮುದ್ರಕ್ಕೆ ಒಯ್ಯುವುದು ಇದೇ. ಅಲ್ಲಿ ಸಾಲ್ಮನ್ ಮೀನಿಗೆ ಗಾಳ ಹಾಕುವ ಋತು ಜನವರಿ 15ಕ್ಕೆ ಆರಂಭವಾಗಿ ಅಕ್ಟೋಬರ್ 15ಕ್ಕೆ ಮುಗಿಯುತ್ತದೆ. ಋತುವಿನ ಮೊದಲ ವಾರಗಳಲ್ಲಿ ನೀರು ಮಂಜುಗಡ್ಡೆಗಿಂತ ಕೆಲವೇ ಡಿಗ್ರಿ ಬೆಚ್ಚಗಿರುತ್ತದೆ. ಬರಿಗಾಲಲ್ಲಿ ಇಳಿದವನಿಗೆ ಕೆಲವೇ ನಿಮಿಷಗಳಲ್ಲಿ ತನಗೆ ಬೆರಳುಗಳಿವೆಯೆಂಬುದೇ ಮರೆತುಹೋಗುತ್ತದೆ; ತಿಳಿವಿಲ್ಲದ ಬೆರಳು ಯಾವ ಕಲ್ಲನ್ನು ಪರೀಕ್ಷಿಸೀತು? 1922ನೆಯ ಅಕ್ಟೋಬರ್ 7ರಂದು ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ ಇದೇ ನದಿಯಲ್ಲಿ 64 ಪೌಂಡು ತೂಕದ ಸಾಲ್ಮನ್ ಮೀನನ್ನು ಹಿಡಿದಳು. ಗಾಳ ಹಾಕಿ ಹಿಡಿದ ಸಾಲ್ಮನ್‌ಗಳಲ್ಲಿ ಬ್ರಿಟನ್ನಿನ ದಾಖಲೆ ಇಂದಿಗೂ ಅದೇ. ಆಕೆ ಕುಳಿತಿದ್ದುದು ದೋಣಿಯಲ್ಲಿ. ಹುಟ್ಟು ಹಾಕುತ್ತಿದ್ದವನು ಆಕೆಯ ತಂದೆ. ದೋಣಿಯೂ ಇಲ್ಲದೆ, ಹುಟ್ಟು ಹಾಕುವ ತಂದೆಯೂ ಇಲ್ಲದೆ ಗಾಳ ಹಿಡಿದು ಹೋದವನು ತನ್ನ ಕಾಲನ್ನೇ ನಂಬಬೇಕು.

ಹಾಗೆ ಕಾಲನ್ನು ನಂಬಿ ಹೊರಟವರಲ್ಲಿ ಮೈಸೂರಿನ ಒಬ್ಬ ವೈದ್ಯರೂ ಸೇರಿದ್ದಾರೆ. ಅವರು ಪರ್ತ್ ನಗರದಲ್ಲಿ ನೆಲಸಿ ಬಹುಕಾಲವಾಯಿತು. ವಯಸ್ಸು ಐವತ್ತೇಳು, ಎಡಮೊಣಕಾಲು ಮಳೆಗಾಲವನ್ನು ಮುಂದಾಗಿ ತಿಳಿಸುವಷ್ಟು ಹಳತಾಗಿದೆ. ಮನೆಯಲ್ಲಿ ಈರುಳ್ಳಿಯನ್ನು ಕೂಡ ಸಂಕೋಚದಿಂದ ಬಳಸುವ ಸಂಪ್ರದಾಯ. ಹಿಡಿದ ಮೀನಿನ ಬಾಯಿಂದ ಕೊಕ್ಕೆಯನ್ನು ಮೆಲ್ಲನೆ ಬಿಡಿಸಿ, ಕ್ಷಮೆ ಕೇಳಿ, ಮತ್ತೆ ನೀರಿಗೇ ಬಿಡುತ್ತಾರೆ. “ತಿನ್ನುವುದಿಲ್ಲ, ತರುವುದಿಲ್ಲ, ಮತ್ತೇಕೆ ಹಿಡಿಯುವುದು?” ಎಂದು ಕೇಳಿದ ನೆಂಟರಿಗೆ ಅವರು ಕೊಡುವ ಉತ್ತರ ಇಷ್ಟೆ: “ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಕರೆಯುತ್ತಾರೆ. ಹೊಳೆಯಲ್ಲಿ ಯಾರೂ ಕರೆಯುವುದಿಲ್ಲ.”

ಅವರ ಪತ್ನಿಗೆ ಈ ಉತ್ತರ ಸಾಲದು. ಮೀನಿನ ವಿಚಾರವಾಗಿ ಆಕೆ ಒಂದು ಮಾತನ್ನೂ ಆಡಿದವರಲ್ಲ. ಆಕೆಯ ಭಯದ ಮೂಲವೇ ಬೇರೆ. ಎಷ್ಟೋ ವರ್ಷಗಳ ಹಿಂದೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ತಂದೆಯ ಶ್ರಾದ್ಧದ ದಿನ, ಆಕೆಯ ಅಣ್ಣ ಪಾಚಿಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿದವನು ಮತ್ತೆ ಏಳಲಿಲ್ಲ. ಅವನಿಗೆ ಈಜು ಬರುತ್ತಿತ್ತು. ಆದುದರಿಂದ ಗಂಡ ಹೊಳೆಗೆ ಹೊರಟಾಗ ಆಕೆ ಕೇಳಿದುದು ಒಂದೇ ಪ್ರಶ್ನೆ:

“ಅಲ್ಲಿ ಕಲ್ಲಿನ ಮೇಲೆ ಪಾಚಿ ಇರುತ್ತದೆಯೇ? ಇದ್ದರೆ ನೀವು ಏನು ಹಾಕಿಕೊಂಡು ನಿಲ್ಲುತ್ತೀರಿ?”

ಗಂಡಸರು ಗಾಳದ ಕೋಲಿಗೆ ಸಾವಿರ ಯೋಚನೆ ಮಾಡಿ ಬೂಟಿಗೆ ಐದು ನಿಮಿಷ ಕೊಡುತ್ತಾರೆ. ಈ ಪ್ರಶ್ನೆ ಆ ಲೆಕ್ಕವನ್ನು ತಿರುವುಮುರುವು ಮಾಡಿತು. ಮುಂದಿನ ಶನಿವಾರ ಇಬ್ಬರೂ ಅಂಗಡಿಗೆ ಹೋದರು. ಜೊತೆಗೆ ಆ ನದಿಯ ಒಬ್ಬ ಮುದಿ ಗಿಲ್ಲಿಯೂ ಬಂದಿದ್ದ. ಗಿಲ್ಲಿಯೆಂದರೆ ಮೈಸೂರಿನ ಹುಡುಗರು ದಾಂಡಿನಿಂದ ಚಿಮ್ಮಿಸುವ ಗಿಲ್ಲಿಯಲ್ಲ. ಗಾಳ ಹಾಕಲು ಬಂದವರಿಗೆ ಮಡು, ಸೆಳವು, ಕಡವುಗಳನ್ನು ತೋರಿಸುವ ಮಾರ್ಗದರ್ಶಕನಿಗೆ ಸ್ಕಾಟ್ಲೆಂಡಿನಲ್ಲಿರುವ ಹೆಸರು ಅದು.

ನೀರಿನಲ್ಲಿ ನಿಲ್ಲುವವರ ಉಡುಪಿಗೆ ವೇಡರ್ ಎಂದು ಹೆಸರು. ಷರಾಯಿಯೂ ಕಾಲುಚೀಲವೂ ಒಂದಾಗಿ ಬೆಳೆದಂತಿರುವ ಈ ಉಡುಪು ತೊಡೆಯವರೆಗೆ, ಸೊಂಟದವರೆಗೆ, ಎದೆಯವರೆಗೆ ಎಂದು ಮೂರು ಎತ್ತರಗಳಲ್ಲಿ ದೊರೆಯುತ್ತದೆ. ಸಣ್ಣ ತೊರೆಗೆ ತೊಡೆಯವರೆಗಿನದು ಸಾಕು. ಟೇಯಂಥ ನದಿಗೆ ಎದೆಯವರೆಗಿನದೇ ಬೇಕು. ಎದೆಯವರೆಗೆ ಇಳಿಯುವುದಕ್ಕಲ್ಲ, ತೊಡೆಯವರೆಗೆ ಇಳಿದವನು ಎಡವಿದಾಗ ನೀರು ಒಳನುಗ್ಗದಿರಲಿ ಎಂದು.

ಬಟ್ಟೆಯಲ್ಲಿಯೂ ಬಗೆಗಳುಂಟು. ಹಳೆಯ ರಬ್ಬರಿನದು ಅಗ್ಗ, ಆದರೆ ಭಾರ. ಒಳಗೆ ಬೆವರು ನಿಲ್ಲುತ್ತದೆ. 1930ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ನಿಯೋಪ್ರೀನ್ ಎಂಬ ಕೃತಕ ರಬ್ಬರು ಗಾಳಿಗುಳ್ಳೆ ತುಂಬಿದ ಹಾಳೆಯಾದಾಗ ಕಂಬಳಿಯಂತೆ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಅಲುಗಾಡದೆ ನಿಲ್ಲುವವನಿಗೆ ಅದು ಹಿತ, ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆಯುವವನಿಗೆ ಶಿಕ್ಷೆ. ಮೂರನೆಯದು ಉಸಿರಾಡುವ ಬಟ್ಟೆ. 1969ರಲ್ಲಿ ಬಾಬ್ ಗೋರ್ ಎಂಬಾತ ಟೆಫ್ಲಾನಿನ ಬಿಸಿ ಕೋಲೊಂದನ್ನು ಬೇಸರದಿಂದ ಥಟ್ಟನೆ ಜಗ್ಗಿದಾಗ ಅದು ಮುರಿಯದೆ ಉದ್ದಕ್ಕೆ ಹಿಗ್ಗಿ, ಒಳಗೆಲ್ಲ ಅತಿ ಸೂಕ್ಷ್ಮವಾದ ರಂಧ್ರಗಳು ಮೂಡಿದವು. ಇಂಥ ಪೊರೆಯನ್ನು ಬಟ್ಟೆಗೆ ಅಂಟಿಸಿದರೆ ನೀರಿನ ಹನಿ ಒಳಗೆ ಬಾರದು, ಬೆವರಿನ ಆವಿ ಹೊರಗೆ ಹೋದೀತು. ಆದರೆ ಅದಕ್ಕೆ ಸ್ವಂತದ ಬಿಸುಪಿಲ್ಲ. ಒಳಗೆ ಉಣ್ಣೆಯನ್ನು ತೊಡಬೇಕು. ಬೆವರು ಕುಡಿದು ಒದ್ದೆಯಾಗಿಯೇ ಉಳಿಯುವ ಹತ್ತಿಯನ್ನು ತೊಡಬಾರದು. ವೈದ್ಯರು ಇದನ್ನೇ ಆರಿಸಿದರು. ಚಳಿ ಹೆಚ್ಚಿದರೆ ಒಳಗಿನ ಉಣ್ಣೆಯನ್ನು ಹೆಚ್ಚಿಸಬಹುದು, ಕಡಮೆಯಾದರೆ ಕಳೆಯಬಹುದು.

ಗಿಲ್ಲಿ ಅವರನ್ನು ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕೂರಿಸಿದ. ಕುರ್ಚಿಯ ಮೇಲೆ ಒಂದು ಕಾಲಿಡಿಸಿದ. ತೊಡೆಯ ಸಂದಿಯಲ್ಲಿ ಬಟ್ಟೆ ಬಿಗಿದರೆ ಬಂಡೆ ಹತ್ತುವಾಗ ಹೊಲಿಗೆ ಬಿಡುತ್ತದೆ; ತೀರ ಸಡಿಲವಾದರೆ ಸೆಳವು ಅದನ್ನು ಹಾಯಿಯಂತೆ ಹಿಡಿದೆಳೆಯುತ್ತದೆ. ಬೂಟನ್ನು ನೋಡಬೇಕಾದುದು ಒಳಗಿನ ಉಣ್ಣೆಯ ಕಾಲುಚೀಲವನ್ನೂ ವೇಡರಿನ ದಪ್ಪ ಪಾದವನ್ನೂ ತೊಟ್ಟ ಮೇಲೆ. ಅದರಲ್ಲಿ ಬೆರಳುಗಳು ಆಡಬೇಕು. ಬಿಗಿಯಾದ ಬೂಟು ರಕ್ತದ ಓಟವನ್ನು ತಡೆಯುತ್ತದೆ. ಹೊರಗಿನ ಚಳಿಗಿಂತ ಮೊದಲು ಆ ಬಿಗಿತವೇ ಕಾಲನ್ನು ಮರಗಟ್ಟಿಸುತ್ತದೆ. ಇದನ್ನು ವೈದ್ಯರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ನಿಜವಾದ ಚರ್ಚೆ ನಡೆದುದು ಬೂಟಿನ ಅಟ್ಟೆಯನ್ನು ಕುರಿತು. ಒತ್ತಿ ಮಾಡಿದ ಉಣ್ಣೆಯಂತಿರುವ ಫೆಲ್ಟಿನ ಅಟ್ಟೆ ಪಾಚಿಯ ಬಂಡೆಯನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಒದ್ದೆ ಹುಲ್ಲಿನ ದಡದಲ್ಲಿ ಜಾರುತ್ತದೆ. ಹಿಮದಲ್ಲಿ ನಡೆದರೆ ಮುದ್ದೆಗಟ್ಟುತ್ತದೆ. ಅದರ ದೊಡ್ಡ ದೋಷ ಮತ್ತೊಂದು: ಬೇಗ ಒಣಗದು. ಒಂದು ನದಿಯ ಜೀವಾಣುಗಳನ್ನು ಹಸಿಯಾಗಿಯೇ ಮತ್ತೊಂದು ನದಿಗೆ ಹೊತ್ತೀತು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ 2004ರಲ್ಲಿ ಡಿಡಿಮೋ ಎಂಬ ಪಾಚಿ ಕಾಣಿಸಿಕೊಂಡು ಹೊಳೆಯ ತಳಕ್ಕೆ ಕೊಳಕು ಕಂಬಳಿ ಹೊದಿಸಿತು. 2008ರಲ್ಲಿ ಅಲ್ಲಿ ಗಾಳಗಾರರು ಫೆಲ್ಟಿನ ಅಟ್ಟೆ ತೊಡುವುದನ್ನು ನಿಷೇಧಿಸಿದರು. ನಾರ್ವೆಯಲ್ಲಿ 1970ರ ದಶಕದಿಂದ ಸೂಕ್ಷ್ಮ ಪರಾವಲಂಬಿಯೊಂದು ಹೊಳೆಹೊಳೆಗಳ ಸಾಲ್ಮನ್ ಮರಿಗಳನ್ನು ಕೊಂದಿದೆ. ರಬ್ಬರಿನ ಅಟ್ಟೆ ಬೇಗ ಒಣಗುತ್ತದೆ, ದಡದಲ್ಲಿಯೂ ಹಿಡಿಯುತ್ತದೆ. ಬಂಡೆಯ ಮೇಲೆ ಮಾತ್ರ ಅದನ್ನು ಪೂರ್ತಿ ನಂಬುವಂತಿಲ್ಲ. ಅದಕ್ಕೆ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಮೊಳೆಗಳನ್ನು ಬಡಿದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

“ಫೆಲ್ಟೇ ಇರಲಿ,” ಎಂದರು ಆಕೆ. “ಬಂಡೆ ಹಿಡಿಯುವುದು ಅದೇ ತಾನೇ?”

“ನಾನು ಬೇರೆ ಹೊಳೆಗಳಿಗೂ ಹೋಗುವವನು. ಒಂದರ ರೋಗವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗಲೇ? ಕೈ ತೊಳೆಯದೆ ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಹೋಗುವ ವೈದ್ಯನಾದೇನು,” ಎಂದರು ವೈದ್ಯರು.

ಆಕೆ ಮೊಳೆಗಳ ಮೇಲೆ ಬೆರಳಾಡಿಸಿ ನೋಡಿ ಒಪ್ಪಿದರು. ಆದರೆ ಒಪ್ಪಿಗೆಗೆ ಬೆಲೆಯಾಗಿ ಮೂರು ವಸ್ತುಗಳನ್ನು ಕೊಳ್ಳಿಸಿದರು: ನಡುಪಟ್ಟಿ, ಊರುಗೋಲು, ತಾನಾಗಿ ಉಬ್ಬುವ ಜೀವರಕ್ಷಕ ಕವಚ.

ನೀರು ತುಂಬಿದ ವೇಡರ್ ಮನುಷ್ಯನನ್ನು ಕಲ್ಲಿನಂತೆ ತಳಕ್ಕೆಳೆಯುತ್ತದೆಂಬ ನಂಬಿಕೆ ಹಳೆಯದು. ಅದು ನಿಜವಲ್ಲ, ನೀರಿನೊಳಗೆ ನೀರಿಗೆ ತೂಕವಿಲ್ಲ. ಕಷ್ಟವಾಗುವುದು ತುಂಬಿದ ಉಡುಪಿನಲ್ಲಿ ಈಜುವಾಗ, ದಡ ಹತ್ತುವಾಗ. ಸೊಂಟದಲ್ಲಿ ಬಿಗಿದ ಪಟ್ಟಿ ನೀರು ಬೇಗ ಒಳಗಿಳಿಯದಂತೆ ತಡೆಯುತ್ತದೆ. ಬಿದ್ದವನು ಸೆಳವಿಗೆ ಎದುರಾಗಿ ಹೋರಾಡದೆ, ಮಲಗಿದಂತೆ ತೇಲುತ್ತ, ಪಾದಗಳನ್ನು ಕೆಳಹರಿವಿನ ಕಡೆಗೆ ಚಾಚಿ, ಓರೆಯಾಗಿ ದಡಕ್ಕೆ ಸರಿಯಬೇಕು. ಬೀಳದಿರಲು ಬೇಕಾದುದು ಊರುಗೋಲು. ಸೆಳವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆಳಕ್ಕೆ ಹೋದಷ್ಟೂ ನೀರು ಮೈಯನ್ನು ಎತ್ತುವುದರಿಂದ ಪಾದದ ಮೇಲಿನ ಭಾರ ತಗ್ಗಿ, ಎಂಥ ಮೊಳೆಯ ಹಿಡಿತವೂ ಸಡಿಲವಾಗುತ್ತದೆ. ಸೆಳವಿಗೆ ಮಗ್ಗುಲು ಕೊಟ್ಟು ನಿಂತು, ಕಾಲಿಗೆ ಕಾಲು ಅಡ್ಡ ಹಾಕದೆ, ಕೋಲು ಮೊದಲು, ಕಾಲು ಆಮೇಲೆ ಎಂಬ ಕ್ರಮದಲ್ಲಿ ಸರಿಯಬೇಕು. ಬರಿಗಾಲಿನ ಬೆರಳುಗಳು ಮಾಡುತ್ತಿದ್ದ ಪರೀಕ್ಷೆಯನ್ನು ಇಲ್ಲಿ ಕೋಲಿನ ತುದಿ ಮಾಡುತ್ತದೆ.

ಮನೆಗೆ ಬಂದ ಮೇಲೆ ಆಕೆ ಸೂಜಿ, ಕೆಂಪು ನೂಲು ತಂದು ವೇಡರಿನ ತೊಡೆಯ ಮೇಲೆ ಒಂದು ಗೆರೆ ಹೊಲಿಯಲು ಕುಳಿತರು. “ಇದಕ್ಕಿಂತ ಮೇಲೆ ನೀರು ಬರಕೂಡದು,” ಎಂಬುದು ಆಕೆಯ ಕಟ್ಟಳೆ. ವೈದ್ಯರು ಓಡಿಬಂದು ಕೈ ಹಿಡಿದರು. ನೀರು ಹೊಗದ ಬಟ್ಟೆಗೆ ಸೂಜಿ ಚುಚ್ಚಿದರೆ ಬೆಲೆಯೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾದೀತು! ಕೊನೆಗೆ ಆಕೆ ಊರುಗೋಲನ್ನು ಅವರ ಪಕ್ಕಕ್ಕೆ ನಿಲ್ಲಿಸಿ, ತೊಡೆಯ ನಡುವಿನ ಎತ್ತರಕ್ಕೆ ಸರಿಯಾಗಿ ಕೆಂಪು ಪಟ್ಟಿಯನ್ನು ಸುತ್ತಿದರು.

ಅಲ್ಲಿಂದ ಮುಂದೆ ಪ್ರತಿ ಸಾರಿಯೂ ಹೊಳೆಯಿಂದ ಬಂದ ಮೇಲೆ ವೈದ್ಯರಿಗೆ ಒಂದು ಗಂಟೆಯ ಕೆಲಸ. ಬೂಟಿನ ಸಂದುಗಳಿಂದ ಮಣ್ಣು ತೆಗೆಯಬೇಕು; ತೊಳೆಯಬೇಕು; ವೇಡರನ್ನು ಒಳಗೂ ಹೊರಗೂ ಪೂರ್ತಿ ಒಣಗಿಸಬೇಕು. ನೋಡು, ತೊಳೆ, ಒಣಗಿಸು ಎಂಬುದು ಬ್ರಿಟನ್ನಿನ ಗಾಳಗಾರರೆಲ್ಲ ಕಲಿತ ಪಾಠ. ಎಲ್ಲಿಯೋ ಸೋರುತ್ತಿದೆಯೆಂಬ ಅನುಮಾನ ಬಂದರೆ ಉಡುಪನ್ನು ಒಳಮೊಗವಾಗಿ ತಿರುವಿ ಸರ್ಜಿಕಲ್ ಸ್ಪಿರಿಟ್ ಸಿಂಪಡಿಸುತ್ತಾರೆ. ಉಸಿರಾಡುವ ಬಟ್ಟೆಯಲ್ಲಿ ರಂಧ್ರವಿದ್ದ ಜಾಗ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಹಿಂದಿನ ಮಾರ್ಚಿಯಲ್ಲಿ ಒಂದು ದಿನ ಹೊಳೆಯ ನಡುವಿನ ಬಂಡೆಯ ಹಿಂದೆ ದೊಡ್ಡ ಸಾಲ್ಮನ್ ಒಂದು ಎರಡು ಬಾರಿ ಮೇಲೆದ್ದಿತು. ಗಾಳ ಅಲ್ಲಿಗೆ ತಲಪಲು ಇನ್ನು ನಾಲ್ಕು ಹೆಜ್ಜೆ ಸಾಕಾಗಿತ್ತು. ಎರಡು ಹೆಜ್ಜೆ ಇಟ್ಟಾಗ ನೀರು ಕೆಂಪು ಪಟ್ಟಿಯ ಕೆಳ ಅಂಚನ್ನು ಮುಟ್ಟಿತು. ಬೂಟು ಗಟ್ಟಿಯಾಗಿ ಹಿಡಿದಿತ್ತು, ಕವಚವಿತ್ತು, ನೋಡುವವರು ಯಾರೂ ಇರಲಿಲ್ಲ. ವೈದ್ಯರು ಸ್ವಲ್ಪ ಹೊತ್ತು ಹಾಗೆಯೇ ನಿಂತು, ಕೋಲನ್ನು ಹಿಂದಕ್ಕೆ ಊರಿ, ಒಂದೊಂದೇ ಹೆಜ್ಜೆಯಾಗಿ ದಡಕ್ಕೆ ಮರಳಿದರು.

ಸಂಜೆ ಮನೆಯಲ್ಲಿ ಆಕೆ ಮೀನು ಸಿಕ್ಕಿತೇ ಎಂದು ಕೇಳಲಿಲ್ಲ. ಬಾಗಿಲ ಮೂಲೆಯಲ್ಲಿ ಒರಗಿಸಿದ ಊರುಗೋಲಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಂಚು ಮಾತ್ರ ಒದ್ದೆಯಾಗಿತ್ತು. ಕಾಫಿಗೆ ನೀರಿಡಲು ಒಳಗೆ ಹೋದರು.