ಅಮ್ಮನ ಕೆಲಸದ ಫೋಟೊ

ನಮ್ಮ ಮತ್ತಿಕೆರೆ ಮನೆಯ ಆಲ್ಬಮ್ಮಿನ ಪುಟಪುಟದಲ್ಲೂ ಅಮ್ಮ ಇದ್ದಾಳೆ. ಆರತಿ ತಟ್ಟೆ ಹಿಡಿದಿದ್ದಾಳೆ, ಮಗು ಎತ್ತಿಕೊಂಡಿದ್ದಾಳೆ, ಅಪ್ಪನ ಕುರ್ಚಿಯ ಪಕ್ಕ ನಿಂತಿದ್ದಾಳೆ. ಕೆಲಸದ ಮೇಲಿರುವ ಅಮ್ಮನ ಫೋಟೊ ಮಾತ್ರ ಒಂದೇ. ಅದನ್ನು ಯಾರೂ ಆಲ್ಬಮ್ಮಿಗೆ ಅಂಟಿಸಲಿಲ್ಲ. ಪಿ.ಎಫ್. ಕಾಗದಗಳ ಜೊತೆ ಬೀರುವಿನಲ್ಲೇ ಉಳಿದುಕೊಂಡಿತು.

ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿ, 1970ರ ದಶಕ. ಉದ್ದನೆಯ ಮೇಜು, ಸಾಲಾಗಿ ಬಗ್ಗಿ ಕೂತ ಹೆಂಗಸರು. ಸೀರೆಯ ಮೇಲೆ ಬಿಳಿ ಕೋಟು ತೊಟ್ಟ ಅಮ್ಮ ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಏನನ್ನೋ ಹಿಡಿದಿದ್ದಾಳೆ. ಏನೆಂದು ಕಾಣುವುದಿಲ್ಲ, ಅಷ್ಟು ಸಣ್ಣದು. ಕೇಳಿದ ತಕ್ಷಣ ‘ಬ್ಯಾಲೆನ್ಸ್ ವೀಲ್ ಕಣೇ’ ಎಂದಳು. ಅದಕ್ಕೆ ಸೇರಿದ ಕೂದಲೆಳೆಯಂಥ ಸ್ಪ್ರಿಂಗು ಒಂದಿಷ್ಟು ಸೊಟ್ಟಗಾದರೂ ವಾಚು ಹೊತ್ತು ತಪ್ಪುತ್ತದೆ. ಧೂಳಿನ ಕಣವೊಂದು ಸಿಕ್ಕಿಕೊಂಡರೆ ನಿಂತೇ ಹೋಗಬಹುದು. ಫೋಟೊ ತೆಗೆಯುವವನು ಬಂದಿದ್ದರೂ ಆ ಸಾಲಿನಲ್ಲಿ ಒಬ್ಬಳೂ ತಲೆ ಎತ್ತಿಲ್ಲ.

ಇದರ ಪಕ್ಕದಲ್ಲಿ, ಗಂಡಿನ ಕಡೆಯವರಿಗೆ ಕಳಿಸಲೆಂದು ಯಶವಂತಪುರದ ಸ್ಟುಡಿಯೋದಲ್ಲಿ ತೆಗೆಸಿದ ಅಮ್ಮನ ಫೋಟೊ ಇಟ್ಟು ನೋಡಿದೆ. ಹಿಂದೆ ಪರದೆಯ ಮೇಲೆ ಬರೆದ ಕಂಬಗಳು, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಉದ್ದ ಕಾಣಲೆಂದು ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ತಂದಿದ್ದಾರೆ. ಕೊರಳ ಸರ ದೊಡ್ಡಮ್ಮನದು. ಅಮ್ಮನ ಎಡಗೆನ್ನೆಯ ಮೇಲೆ ಸಿಡುಬು ಎದ್ದಾಗ ಆದ ಕಲೆಯೊಂದಿದೆ. ಈ ಫೋಟೊದಲ್ಲಿ ಅದಿಲ್ಲ. ಆ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ತಿದ್ದಿ ಇಂಥವನ್ನು ಮರೆಸುತ್ತಿದ್ದರು. ಫ್ಯಾಕ್ಟರಿಯ ಫೋಟೊದಲ್ಲಿ ಕಲೆ ಹಾಗೇ ಇದೆ. ನನಗೆ ಅಮ್ಮ ಎಂದು ಗುರುತು ಸಿಗುವುದು ಅದರಲ್ಲೇ.

ಸಂಬಂಧ ಕುದುರಿದ್ದು ಮಾತ್ರ ನೌಕರಿಯಿಂದ. ‘ಹುಡುಗಿ ಎಚ್‌ಎಂಟಿಯಲ್ಲಿದ್ದಾಳೆ, ಪರ್ಮನೆಂಟು’ ಎಂಬ ಮಾತೇ ಜಾತಕಕ್ಕಿಂತ ಮೊದಲು ಅಪ್ಪನ ಮನೆ ಮುಟ್ಟಿತ್ತಂತೆ. ಅಷ್ಟೊಂದು ಬೆಲೆ ತಂದ ಕೆಲಸ ಫೋಟೊದೊಳಗೆ ಬರಬಾರದಿತ್ತು. ಸಂಬಳ ಬೇಕಿತ್ತು, ಲೆನ್ಸ್ ಸಿಕ್ಕಿಸಿಕೊಂಡ ಮುಖ ಬೇಕಿರಲಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ, ಅದಕ್ಕೇ ನನಗೆ ನೋವು.

ಮದುವೆಯ ಜೋಡಿ ಫೋಟೊದಲ್ಲಿ ಅಪ್ಪ ಎಡಗೈಯನ್ನು ತುಸು ಮುಂದೆ ಚಾಚಿ ಕೂತಿದ್ದಾರೆ, ಮಣಿಕಟ್ಟಿನ ಎಚ್‌ಎಂಟಿ ಕಾಣಲಿ ಎಂದು. ಕರ್ನಾಟಕದ ಎಷ್ಟೋ ಮನೆಗಳ ಮದುವೆ ಫೋಟೊಗಳಲ್ಲಿ ಹೀಗೆ ಚಾಚಿದ ಕೈಗಳಿವೆ. ಮಾವನ ಮನೆಯ ಉಡುಗೊರೆ ಎಂದರೆ ವಾಚು ಎಂಬ ಕಾಲ ಅದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಈ ಕಾರ್ಖಾನೆಯ ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ಪ್ರಧಾನಿ ನೆಹರೂ. ಆಮೇಲೆ ಜನತಾ, ಕಾಂಚನ್ ಎಂಬ ವಾಚುಗಳು ದೇಶದ ತುಂಬ ಮದುಮಕ್ಕಳ ಕೈ ಸೇರಿದವು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಅಪ್ಪನ ವಾಚು ಕೀಲಿ ಕೊಟ್ಟರೆ ಇವತ್ತೂ ಓಡುತ್ತದೆ.

ಪಿ.ಎಫ್. ಕಾಗದಗಳ ಕವರಿನಲ್ಲಿ ಅಮ್ಮನ ಎರಡು ಗುರುತಿನ ಚೀಟಿಗಳೂ ಸಿಕ್ಕವು. ಮದುವೆಗೆ ಮುಂಚಿನದರಲ್ಲಿ ತಾತನ ಇನಿಷಿಯಲ್, ನಂತರದ್ದರಲ್ಲಿ ಅಪ್ಪನದು. ಫ್ಯಾಕ್ಟರಿ ಕೊಟ್ಟ ನಂಬರ್ ಎರಡರಲ್ಲೂ ಅದೇ, ನಿವೃತ್ತಿಯವರೆಗೂ ಬದಲಾಗಲಿಲ್ಲ. ಅಮ್ಮನಿಗೆ ಅದು ಈಗಲೂ ಬಾಯಿಪಾಠ.

ಸಾಲಿನಲ್ಲಿರುವ ಉಳಿದವರು ಯಾರು ಎಂದು ಕೇಳಿದೆ. ನಮ್ಮ ಬೀದಿಯ ಹೆಂಗಸರನ್ನು ಇಂಥವರ ಹೆಂಡತಿ, ಇಂಥವರ ಅತ್ತೆ ಎಂದೇ ಗುರುತಿಸುವ ಅಮ್ಮ ಇಲ್ಲಿ ಬೆರಳಿಟ್ಟು ಹೇಳಿದ ರೀತಿಯೇ ಬೇರೆ: ‘ಇವಳು ಡಯಲ್ ಕೂರಿಸೋಳು. ಇವಳು ಮುಳ್ಳು ಹಾಕೋಳು, ಗಂಗಮ್ಮನಗುಡಿ ಹತ್ರ ಬಸ್ಸು ಹತ್ತೋಳು. ಇವಳ ಕೈ ಒಂದಿನ ನಡುಗಿದ್ದು ನೋಡಿಲ್ಲ.’ ಯಾರ ಗಂಡ ಏನು ಮಾಡುತ್ತಿದ್ದ ಎಂಬ ಮಾತೇ ಬರಲಿಲ್ಲ.

ಹೇಳಿದ ಹೆಸರುಗಳನ್ನೆಲ್ಲ ಫೋಟೊದ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಬರೆದುಕೊಂಡೆ. ಪೆನ್ನಿನಲ್ಲಿ ಬರೆದರೆ ಶಾಯಿ ಮುಂಬದಿಗೂ ಇಳಿಯಬಹುದು. ಹಳೆಯ ಫೋಟೊ ಇಟ್ಟುಕೊಂಡವರು ಇದನ್ನು ಗಮನದಲ್ಲಿಡಬೇಕು. ಕೊನೆಯಲ್ಲಿ ಕೂತವಳ ಹೆಸರು ಮಾತ್ರ ಅಮ್ಮನಿಗೆ ನೆನಪಾಗಲಿಲ್ಲ. ಯಲಹಂಕದಲ್ಲಿರುವ ಡಯಲ್ ಕೂರಿಸೋಳಿಗೆ ಫೋನ್ ಮಾಡಿ ಕೇಳು ಎಂದು ನಂಬರ್ ಹುಡುಕುತ್ತಿದ್ದಾಳೆ.